ಕಡಲೂರಿನಿಂದ ಬಂದದ್ದು

೧೯೭೮ರ ಬೇಸಿಗೆ. ನಾನಾಗ ಗುಬ್ಬಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹುಟ್ಟಿದ ತಿಂಗಳಲ್ಲೇ ಮಗಳು ತೀರಿಕೊಂಡ ಮೇಲೆ ನನ್ನ ಹೆಂಡತಿ ಹೊಂಬಾಳಮ್ಮ ಮಂಕಾಗಿಬಿಟ್ಟಿದ್ದಳು. ಅವಳನ್ನು ಕುಮಟಾ ಕಡೆಯ ಒಂದು ಸಣ್ಣ ಕಡಲೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಮನೆಮನೆಯ ಕೆಮ್ಮಣ್ಣಿನ ಗೋಡೆಯ ಮೇಲೂ ಹೆಂಗಸರು ಅಕ್ಕಿಹಿಟ್ಟಿನಲ್ಲಿ ಚಿತ್ರ ಬರೆಯುತ್ತಿದ್ದರು.

ಮಧ್ಯಾಹ್ನ ಅಜ್ಜಿಯೊಬ್ಬರು ತಮ್ಮ ಚಿತ್ರ ತೋರಿಸಲು ನಮ್ಮನ್ನು ಒಳಗೆ ಕರೆದರು. ಗೋಡೆ ತುಂಬ ಬರೀ ತೊಟ್ಟಿಲು. ಹೊಸಿಲು ದಾಟಿದ್ದೇ ಅಲೆಗಳ ಸದ್ದು ನಿಂತುಹೋಯಿತು. ಹೊರಗೆ ಸುಡುಬಿಸಿಲು, ಒಳಗೆ ನೆಲ ಬಾವಿಕಲ್ಲಿನಂತೆ ತಣ್ಣಗಿತ್ತು. ಎಲ್ಲಿಂದಲೋ ಎಳೆಗೂಸಿನ ಮೈವಾಸನೆ. ಹೊಂಬಾಳಮ್ಮ ಗೋಡೆಗೆ ಕೆನ್ನೆಯಿಟ್ಟು ಬಹಳ ಹೊತ್ತು ನಿಂತಳು. ಹೊರಗೆ ಬಂದಾಗ ಸೆರಗನ್ನು ಮಡಿಚಿ ಎದೆಗೆ ಒತ್ತಿಕೊಂಡಿದ್ದಳು.

"ಏನೇ ಅದು?" ಅಂದೆ.

"ಮೆಲ್ಲುಗ್ ಮಾತಾಡಿ, ಈಗ ಮಲ್ಗವ್ಳೆ," ಅಂದು ನಕ್ಕಳು.

ಸೆರಗಿನಲ್ಲಿ ಏನೂ ಇರಲಿಲ್ಲ. ಆದರೆ ಅವಳು ನಕ್ಕು ಎಷ್ಟೋ ದಿನವಾಗಿತ್ತು.

ಮರುದಿನ ತುಮಕೂರಿನಿಂದ ಗುಬ್ಬಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಪಕ್ಕದ ಸೀಟಿನಲ್ಲಿದ್ದ ಗುರುತಿಲ್ಲದ ಹೆಂಗಸೊಬ್ಬಳು ಇತ್ತ ಬಾಗಿ, "ಅವ್ವಾ, ಕೂಸಿನ ಕಾಲು ಆಚೆ ಬಂದೈತೆ ನೋಡು, ಗಾಳಿ ಹೊಡೀತದೆ," ಅಂದಳು.

ಹೊಂಬಾಳಮ್ಮ ಸೆರಗು ಎಳೆದು ಹೊದಿಸಿದಳು.