ಚೂಟಿ ತಂದಿಟ್ಟ ಜಗಳ

"ಜಗಳ ಏನೂ ಇಲ್ಲ ತಾನೆ?" ಎಂದು ಲಾಯರ್ ಆಂಟಿ ಕೇಳಿದರು.

"ಇಲ್ಲ," ಎಂದರು ಅಪ್ಪ.

"ಏನೇನೂ ಇಲ್ಲ," ಎಂದರು ಅಮ್ಮ.

ಅವರಿಬ್ಬರ ನಡುವಿನ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತಿದ್ದ ಚೂಟಿ ತಟಕ್ಕನೆ ಕಾಲು ನಿಲ್ಲಿಸಿದಳು. ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿಗೆ ಮಾತ್ರ. ಉಳಿದಂತೆ ಮನೆಯವರಿಗೂ ಬೀದಿಯವರಿಗೂ ಅವಳು ಚೂಟಿಯೇ. ಇವತ್ತು ಸ್ಕೂಲು ಅರ್ಧ ದಿನಕ್ಕೇ ಬಿಟ್ಟಿತ್ತು. ಅವಳನ್ನು ನೋಡಿಕೊಳ್ಳಬೇಕಿದ್ದ ಅಜ್ಜಿ ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಮಲಗಿದ್ದರು. ಹಾಗಾಗಿ ಅವಳನ್ನೂ ಕರೆದುಕೊಂಡೇ ಬರಬೇಕಾಯಿತು.

ಅಪ್ಪ ಅಮ್ಮ ಡೈವೋರ್ಸ್ ತಗೊಳ್ಳುತ್ತಾರೆ ಎಂಬುದು ಚೂಟಿಗೆ ಹೊಸ ಸುದ್ದಿಯಲ್ಲ. ಇಬ್ಬರೂ ಅವಳನ್ನು ಮಂಚದ ಮೇಲೆ ಕೂರಿಸಿಕೊಂಡು ಹೇಳಿದ್ದರು. ಬೇಸಿಗೆ ರಜೆಯಲ್ಲೇ ಅಪ್ಪ ಬಸ್ ಡಿಪೋ ಹಿಂದೆ ಒಂದು ರೂಮು ಮಾಡಿಕೊಂಡು ಹೋಗಿದ್ದರು. ಸ್ಕೂಲಿರುವ ದಿನ ಅಮ್ಮನ ಹತ್ತಿರ, ಶನಿವಾರ ಭಾನುವಾರ ಅಪ್ಪನ ಹತ್ತಿರ. ಅವಳ ಟೂತ್ ಬ್ರಷ್ ಕೂಡ ಎರಡಾಗಿತ್ತು.

ಆದರೂ ಚೂಟಿಗೆ ಒಳಗೊಳಗೇ ಒಂದು ಆಸೆ. ಏನಾದರೂ ಅಡ್ಡ ಬರಲಿ. ಆಫೀಸಿಗೆ ಬೀಗ ಹಾಕಿರಲಿ. ಲಾಯರ್ ಆಂಟಿಗೂ ಹಲ್ಲುನೋವು ಬರಲಿ.

ಬೀಗ ಇರಲಿಲ್ಲ. ಆಂಟಿಯ ಹಲ್ಲುಗಳೂ ಗಟ್ಟಿಮುಟ್ಟಾಗಿದ್ದವು.

"ನೋಡಿ, ಮೊದಲೇ ಹೇಳಿಬಿಡ್ತೀನಿ," ಎಂದರು ಆಂಟಿ. "ನಂದು ಒಂದೇ ಫೀಸು. ಇಷ್ಟು ಅಂದ್ರೆ ಇಷ್ಟೇ. ಆದ್ರೆ ಇಬ್ಬರೂ ಎಲ್ಲದಕ್ಕೂ ಒಪ್ಪಿರಬೇಕು. ಒಂದು ಚೂರು ಜಗಳ ಇದ್ರೂ ಈ ಕೇಸು ನಾನು ಮುಟ್ಟಲ್ಲ. ಆಮೇಲೆ ಆ ಕಡೆಗೊಬ್ಬ ಲಾಯರು, ಈ ಕಡೆಗೊಬ್ಬ ಲಾಯರು. ಕೋರ್ಟಿಗೆ ಅಲೆದು ಅಲೆದು ನಿಮ್ಮ ಚಪ್ಪಲಿ ಸವೀಬೇಕು ಅಷ್ಟೇ."

ಅಪ್ಪ ನಕ್ಕರು. ಅಮ್ಮನೂ ಸ್ವಲ್ಪ ನಕ್ಕರು.

ಚೂಟಿ ನಗಲಿಲ್ಲ. ಅವಳ ಕಿವಿ ನೆಟ್ಟಗಾಗಿತ್ತು. ಒಂದು ಚೂರು ಜಗಳ ಇದ್ದರೆ ಮುಟ್ಟಲ್ಲವಂತೆ! ಒಂದು ಚೂರು ಸಾಕಂತೆ!

"ಆಂಟಿ," ಎಂದಳು. "ಜಗಳ ಇದೆ."

ಲಾಯರ್ ಆಂಟಿಯ ಪೆನ್ನು ನಿಂತಿತು. "ಏನು ಪುಟ್ಟಾ?"

"ಅಪ್ಪ ಹೇಳಿದ್ದಾರೆ, ನಾನು ಯಾವಾಗಲೂ ಅವರ ಹತ್ರಾನೇ ಇರಬೇಕಂತೆ. ಅಮ್ಮನ ಹತ್ರ ಕಳಿಸೋದೇ ಇಲ್ವಂತೆ."

ಅಪ್ಪ ಹಾಗೆ ಹೇಳಿರಲಿಲ್ಲ. ಕನಸಿನಲ್ಲೂ ಹೇಳಿರಲಿಲ್ಲ.

ಅಮ್ಮ ನಿಧಾನವಾಗಿ ಅಪ್ಪನ ಕಡೆ ತಿರುಗಿದರು. "ಹಾಗಂದ್ಯಾ ನೀನು?"

"ನಾನು ಯಾವಾಗ ಅಂದೆ?"

"ಮತ್ತೆ ಮಗು ಸುಮ್ಮಸುಮ್ಮನೆ ಹೇಳುತ್ತಾ?"

"ಯಾರು ಹೇಳಿಕೊಟ್ರೋ, ನನಗೇನು ಗೊತ್ತು!"

"ಯಾರು ಅಂದ್ರೆ? ನಾನಾ?" ಅಮ್ಮನ ಧ್ವನಿ ಒಂದು ಮೆಟ್ಟಿಲು ಏರಿತು. "ಜ್ವರ ಬಂದು ಇವಳ ಮೈ ಕೆಂಡ ಆಗಿತ್ತಲ್ಲ, ಅವತ್ತು ಎಲ್ಲಿದ್ದೆ ನೀನು? ಈಗ ಮಗಳು ಬೇಕಾ?"

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಎಲ್ಲಿ ಲಿಫ್ಟ್ ಕೆಟ್ಟರೂ ಫೋನು ಬರುವುದು ಅವರಿಗೇ. "ಜನ ಲಿಫ್ಟೊಳಗೆ ಸಿಕ್ಕಿಹಾಕ್ಕೊಂಡಿದ್ರು. ಬಿಟ್ಟು ಬರಬೇಕಿತ್ತಾ?"

"ನಿನಗೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಕಾಣ್ತಾರೆ. ಮನೇಲಿ ಸಿಕ್ಕಿಹಾಕ್ಕೊಂಡೋರು ಕಾಣಲ್ಲ!"

ಲಾಯರ್ ಆಂಟಿ ಫೈಲು ಮುಚ್ಚಿದರು. "ಇದು ಒಪ್ಪಿಗೆ ಕೇಸು ಅಲ್ಲ ಬಿಡಿ," ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಗೆದ್ದೆ ಅಂದುಕೊಂಡಳು ಚೂಟಿ. ಆದರೆ ಗೆದ್ದ ಹಾಗೆ ಅನ್ನಿಸಲೇ ಇಲ್ಲ. ಅಪ್ಪನ ಕುತ್ತಿಗೆ ಕೆಂಪಾಗುತ್ತಿತ್ತು. ಅಮ್ಮ ಮಾತಿನ ನಡುವೆ ಸಣ್ಣಗೆ ಏದುಸಿರು ಬಿಡುತ್ತಿದ್ದರು. ಈ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಹೋದ ವರ್ಷವೆಲ್ಲ ಮನೆ ತುಂಬ ಇದೇ ಸದ್ದು. ಆಗ ಅವಳು ಟಿವಿ ಜೋರು ಮಾಡುತ್ತಿದ್ದಳು. ಅದೂ ಸಾಲದಾದರೆ ಅಡುಗೆಮನೆಗೆ ಹೋಗಿ ಫ್ರಿಜ್ಜಿಗೆ ಕಿವಿ ಒತ್ತಿ ನಿಲ್ಲುತ್ತಿದ್ದಳು. ಅದು ಗುಂಯ್ ಎನ್ನುತ್ತಿದ್ದರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಬೇಸಿಗೆ ರಜೆಯಿಂದ ಈಚೆಗೆ ಒಂದು ಸಲವೂ ಅವಳು ಫ್ರಿಜ್ಜಿನ ಹತ್ತಿರ ನಿಂತಿರಲಿಲ್ಲ. ಅದು ಅವಳಿಗೆ ಹೊಳೆದದ್ದೇ ಈಗ.

ನೋಡಿದರೆ ಅವಳ ಎರಡು ಕೈಯೂ ತಾವಾಗಿಯೇ ಕಿವಿಯ ಮೇಲೆ ಬಂದಿದ್ದವು.

"ಸುಳ್ಳು!" ಎಂದು ಅವಳು ಕಿರುಚಿದಳು. "ನಾನು ಸುಳ್ಳು ಹೇಳ್ದೆ! ಅಪ್ಪ ಹಾಗೆ ಅಂದೇ ಇಲ್ಲ! ಅಮ್ಮಾನೂ ಏನೂ ಹೇಳಿಕೊಟ್ಟಿಲ್ಲ!"

ಗದ್ದಲ ಗಪ್ಪಂತ ನಿಂತಿತು. ಕೆಳಗಿನ ದರ್ಜಿ ಅಂಗಡಿಯಿಂದ ಹೊಲಿಗೆ ಯಂತ್ರದ ಟಕಟಕ ಕೇಳಿಸತೊಡಗಿತು.

"ಯಾಕೆ ಚೂಟಿ?" ಅಪ್ಪನ ಧ್ವನಿ ಇಳಿದಿತ್ತು.

"ಜಗಳ ಇದ್ರೆ ಮುಟ್ಟಲ್ಲ ಅಂದ್ರಲ್ಲ ಆಂಟಿ. ಅದಕ್ಕೇ..."

ಅಮ್ಮ ಬೈಯಲಿಲ್ಲ. ಅವಳನ್ನು ತೊಡೆಯ ಮೇಲೆ ಎಳೆದುಕೊಂಡು ತಬ್ಬಿಕೊಂಡರು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು ಅವಳ ಮಂಡಿಯ ಮೇಲೆ ಕೈಯಿಟ್ಟರು. "ನೀನು ಹೇಳಿಕೊಟ್ಟೆ ಅನ್ನೋ ಹಾಗೆ ಅಂದಿದ್ದು ತಪ್ಪಾಯ್ತು," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಆಗಲಿ ಎಂಬಂತೆ ತಲೆಯಾಡಿಸಿದರು.

ಲಾಯರ್ ಆಂಟಿ ಫೈಲನ್ನು ಮತ್ತೆ ತೆರೆದರು. "ನಾನು ಎಷ್ಟೋ ಜಗಳ ನೋಡಿದ್ದೀನಿ. ಹುಟ್ಟಿಸಿದೋರೇ ಬಂದು ನಿಲ್ಲಿಸಿದ್ದು ಇದೇ ಮೊದಲು," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಮುಂದಕ್ಕೆ ಬಾಗಿದರು. "ಇಲ್ಲಿ ನಿಮ್ಮಪ್ಪ ಅಮ್ಮ ಹೇಳಿದ್ದೆಲ್ಲ ಬರೆದಿದ್ದೀನಿ. ನಿನ್ನನ್ನ ಯಾರೂ ಕೇಳೇ ಇಲ್ಲ ನೋಡು. ನಿನಗೇನು ಬೇಕು?"

ನೀವಿಬ್ಬರೂ ಒಟ್ಟಿಗೇ ಇರಿ ಎಂಬ ಮಾತು ಚೂಟಿಯ ನಾಲಿಗೆಯ ತುದಿಯವರೆಗೆ ಬಂತು. ಅವಳು ಅಪ್ಪನ ಕುತ್ತಿಗೆ ನೋಡಿದಳು. ಅಲ್ಲಿ ಕೆಂಪು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅಮ್ಮನ ಎದೆ ಅವಳ ಬೆನ್ನಿಗೆ ಡವಡವ ಬಡಿಯುತ್ತಿತ್ತು.

"ಸ್ಕೂಲ್ ಡೇ ದಿನ ನಂದು ಡ್ರಾಮಾ ಇದೆ. ಆಮೆ ಪಾರ್ಟು," ಎಂದಳು. "ಅದಕ್ಕೆ ಇಬ್ಬರೂ ಬರಬೇಕು. ಲಿಫ್ಟ್ ಕೆಟ್ಟರೂ ಬರಬೇಕು. ಹಾಗಂತ ಬರೀಬಹುದಾ?"

"ಬರೀಬಹುದು," ಎಂದರು ಆಂಟಿ, ಗಂಭೀರವಾಗಿ.

"ಬರ್ತೀನಿ," ಎಂದರು ಅಪ್ಪ. ಆಮೇಲೆ ಅಮ್ಮನ ಮುಖ ನೋಡಿ, ಮೆಲ್ಲಗೆ ಕೇಳಿದರು, "ಪಕ್ಕಪಕ್ಕ ಕೂತ್ಕೋಬೇಕಾ?"

ಚೂಟಿ ಯೋಚಿಸಿದಳು. ಸ್ಟೇಜಿನ ಮೇಲೆ ನಿಂತರೆ ಕೆಳಗಿನ ಕುರ್ಚಿಗಳೆಲ್ಲ ಕಾಣುತ್ತವೆ, ಈ ತುದಿಯಿಂದ ಆ ತುದಿಯವರೆಗೆ.

"ಬೇಡ," ಎಂದಳು. "ನೀನು ಆ ಕಡೆ ಕೂತ್ಕೋ, ಅಮ್ಮ ಈ ಕಡೆ ಕೂತ್ಕೊಳ್ಳಲಿ. ಆಮೆ ಹೇಗೂ ನಿಧಾನಕ್ಕೇ ತಲೆ ತಿರುಗಿಸೋದು. ನಾನು ಇಬ್ಬರನ್ನೂ ನೋಡ್ತೀನಿ."