ಇಪ್ಪತ್ತನೆಯ ಹೆಸರು

ಮೊದಲ ದಿನ ಚನ್ನೇಶ್ ನನ್ನನ್ನು ಬಾಗಿಲಲ್ಲೇ ತಡೆದಿದ್ದ. ನನ್ನ ಹೆಗಲ ಮೇಲಿದ್ದ ಯುಕುಲೇಲಿಯ ಚೀಲವನ್ನು ಮೇಲಿಂದ ಕೆಳಗೆ ನೋಡಿ, ಒಂದು ಕೈಯನ್ನು ಬಾಗಿಲಿಗೆ ಅಡ್ಡ ಇಟ್ಟ.

“ಅವ್ವಂಗೆ ಸ್ಟ್ರೋಕ್ ಆಗಿ ಮಾತೇ ನಿಂತೈತೆ ಕಣ್ರಿ. ನೀರು ಬೇಕು ಅನ್ನಾಕೂ ಬರ್ತಿಲ್ಲ. ನೀವು ಈ ಮರಿ ಗಿಟಾರ್ ತಗಂಡು ಹಾಡು ಹೇಳ್ಸಾಕೆ ಬಂದೀರೇನು?”

“ಹೌದು. ಕೈ ತೆಗೀರಿ.”

ತೆಗೆದ. ನನ್ನ ದನಿಯಲ್ಲಿ ಅಷ್ಟು ಅಧಿಕಾರ ಇದೆಯೆಂದು ನನಗೇ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿತ್ತು, ಅಷ್ಟೆ.

ಮ್ಯೂಸಿಕ್ ಥೆರಪಿಸ್ಟ್ ಎಂದರೆ ನಮ್ಮ ಕಡೆ ಯಾರಿಗೂ ಬೇಗ ಅರ್ಥವಾಗುವುದಿಲ್ಲ. ಆನವಟ್ಟಿಯಲ್ಲಿ ನಮ್ಮ ಪಕ್ಕದ ಮನೆಯವರು “ಗಂಗಾಶ್ರೀ, ನಮ್ಮ ಹುಡುಗಿಗೂ ಒಂದಿಷ್ಟು ಸಂಗೀತ ಕಲಿಸಮ್ಮ” ಎನ್ನುತ್ತಾರೆ. ಶಿಕಾರಿಪುರದ ನಮ್ಮ ಸೆಂಟರಿಗೆ ಬರುವವರು, ಹಾಡು ಕೇಳಿದ ಮೇಲೆ ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳುತ್ತಾರೆ. ಬೆಳಿಗ್ಗೆ ನನ್ನ ಬಳಿ ಮಾತಾಡದ ಮಕ್ಕಳು ಬರುತ್ತಾರೆ. ಅವರಲ್ಲೊಬ್ಬಳು ನಾಲ್ಕು ತಿಂಗಳು ನನಗೆ ಬೆನ್ನು ಹಾಕಿಯೇ ಡ್ರಮ್ ಬಾರಿಸಿ, ಒಂದು ಗುರುವಾರ ತಾನಾಗಿ ತಿರುಗಿ ಕೂತಳು. ಅವತ್ತು ನಾನು ಮಧ್ಯಾಹ್ನದ ಊಟ ಮರೆತಿದ್ದೆ. ಆಮೇಲೆ ಉಜ್ಜಪ್ಪನವರು. ಪಾರ್ಕಿನ್ಸನ್ ಕಾಯಿಲೆಯಿಂದ ಹೆಜ್ಜೆ ಕೀಳಲಾಗದ ಅವರು ನಾನು ತಾಳ ಹಾಕಿದರೆ ಬಾಗಿಲವರೆಗೆ ನಡೆಯುತ್ತಾರೆ, ತಾಳ ನಿಂತರೆ ಅವರೂ ನಿಲ್ಲುತ್ತಾರೆ. ಮಧ್ಯಾಹ್ನದ ಮೇಲೆ ಸ್ಕೂಟರ್ ಹತ್ತಿ ಮನೆ ಮನೆಗೆ ಹೋಗುತ್ತೇನೆ. ಉಡುತಡಿಯ ಈ ಮನೆ ದಿನದ ಕೊನೆಯದು.

ಜಗದಾಂಬಮ್ಮ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಸ್ಟ್ರೋಕ್ ಮಿದುಳಿನ ಎಡಭಾಗಕ್ಕೆ ಹೊಡೆದಾಗ ಮಾತು ಹೋದರೂ ಎಷ್ಟೋ ಸಲ ಹಾಡು ಉಳಿದಿರುತ್ತದೆ. ಉಳಿದ ಹಾಡನ್ನು ಹಿಡಿದುಕೊಂಡು ಹೋದ ಮಾತನ್ನು ಒಂದೊಂದಾಗಿ ಕರೆತರುವುದು ನನ್ನ ಕೆಲಸ. ಅವರ ಎಡಗೈಯನ್ನು ಮಂಡಿಯ ಮೇಲೆ ಮೆಲ್ಲಗೆ ತಟ್ಟಿಸುತ್ತಾ ಒಂದು ಜೋಗುಳದ ರಾಗ ಗುನುಗಿದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ತುಟಿ ಅಲುಗಿತು. “ಜೋ… ಜೋ…” ಎಂದರು. ಮುಂದಿನ ಸಾಲು ಇಡಿಯಾಗಿ ಬಂತು. ಅದರಲ್ಲಿ ಮಗನ ಹೆಸರೂ ಇತ್ತು.

ಬಾಗಿಲಲ್ಲಿ ನಿಂತಿದ್ದ ಮೂವತ್ತೆರಡು ವರ್ಷದ ಗಂಡಸು ಗೋಡೆಯ ಕಡೆ ತಿರುಗಿಕೊಂಡ. ಸ್ವಲ್ಪ ಹೊತ್ತಿಗೆ ಅವನೇ ಟೀ ಮಾಡಿ ತಂದ. ಅದರಲ್ಲಿ ಮೂರು ಜನಕ್ಕಾಗುವಷ್ಟು ಸಕ್ಕರೆ ಇತ್ತು.

“ಸಾರಿ ಮೇಡಂ. ಬಾಗ್ಲಾಗೆ ಹಂಗೆ ಅನ್ನಬಾರ್ದಿತ್ತು.”

“ಟೀ ಕುಡಿದಾಗ್ಲೇ ಗೊತ್ತಾಯ್ತು ಬಿಡಿ, ಎಷ್ಟು ಸಾರಿ ಅಂತ.”

ಅವನ ಕಿವಿಯ ತುದಿ ಕೆಂಪಾಯಿತು. ಕಿವಿ ಕೆಂಪಾಗುವ ಗಂಡಸರ ಬಗ್ಗೆ ನಾನು ಅವತ್ತೇ ಹುಷಾರಾಗಿರಬೇಕಿತ್ತು.

ಚನ್ನೇಶ್ ಲೈಸೆನ್ಸ್ ಇರುವ ಸರ್ವೆಯರ್. ಊರೂರು ಸುತ್ತಿ ಹೊಲ ಅಳೆಯುತ್ತಾನೆ, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಗಡಿ ಗುರುತಿಸಿ ಹದ್ದುಬಸ್ತಿನ ಕಲ್ಲು ನೆಡಿಸುತ್ತಾನೆ. ನನ್ನ ಸೆಷನ್ ಮೂರೂವರೆಗೆ. ವಾರ ಕಳೆದಂತೆ ಶಿಕಾರಿಪುರ ತಾಲ್ಲೂಕಿನ ಎಲ್ಲ ಹೊಲಗಳ ಅಳತೆಯೂ ಮೂರು ಗಂಟೆಗೇ ಮುಗಿಯತೊಡಗಿತು. ಮಣ್ಣು ಮೆತ್ತಿದ ಶೂ ಕಳಚಿ ಒಳಗೆ ಬಂದು, ನಾವು ಕೂತಲ್ಲೇ ಇದ್ದ ಪ್ಲಗ್ಗಿಗೆ ಮೊಬೈಲ್ ಸಿಕ್ಕಿಸಿ ಪಕ್ಕದಲ್ಲಿ ನಿಲ್ಲುತ್ತಿದ್ದ. ಒಂದು ದಿನ ನಾನು ಬಗ್ಗಿ ನೋಡಿದೆ.

“ತೊಂಬತ್ತೆಂಟು ಪರ್ಸೆಂಟ್ ಇದೆಯಲ್ಲ?”

“ನಮ್ಮ ಕಡೆ ಕರೆಂಟ್ ನಂಬಾಕಾಗಲ್ಲ ಮೇಡಂ.”

ಅವನು ಅದನ್ನು ಎಷ್ಟು ಗಂಭೀರವಾಗಿ ಹೇಳಿದನೆಂದರೆ ಜಗದಾಂಬಮ್ಮನೇ ಕಿಸಕ್ಕನೆ ನಕ್ಕರು. ನಾನು ತಲೆ ತಗ್ಗಿಸಿ ತಂತಿ ಶ್ರುತಿ ಮಾಡುವ ಹಾಗೆ ನಟಿಸಿದೆ. ತಲೆ ಎತ್ತಿದಾಗ ಅವನು ನೋಡುತ್ತಲೇ ಇದ್ದ. ನಾನು ನೋಡಿದೆನೆಂದು ಗೊತ್ತಾದ ಕೂಡಲೇ ಕ್ಯಾಲೆಂಡರ್ ಓದತೊಡಗಿದ. ಅದು ಹೋದ ತಿಂಗಳ ಹಾಳೆ.

ಇಷ್ಟಕ್ಕೇ ನಿಲ್ಲಬೇಕಿತ್ತು. ಏಕೆಂದರೆ ನಮ್ಮ ಕೆಲಸಕ್ಕೊಂದು ನಿಯಮವಿದೆ. ರೋಗಿಯ ಫೈಲ್ ತೆರೆದಿರುವವರೆಗೆ ಅವರ ಮನೆಯವರೊಂದಿಗೆ ಬೇರೆ ಸಲಿಗೆ ಕೂಡದು. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಮುರಿದುಹೋದ ಮಾತನ್ನು ನಮ್ಮ ಮುಂದೆ ಇಟ್ಟವರಿಗೆ, ಇವಳು ಯಾತಕ್ಕೆ ಬರುತ್ತಾಳೆ ಎಂಬ ಅನುಮಾನ ಬರಬಾರದು. ಹಾಗಾಗಿ ಫೈಲ್ ತೆರೆದಿದ್ದರೆ ನಾನು ಮನಸ್ಸಿನ ಮಾತು ಆಡುವಂತಿಲ್ಲ. ಮುಚ್ಚಿದರೆ ಆ ಮನೆಗೆ ಹೋಗಲು ಕಾರಣವೇ ಇಲ್ಲ.

ಫೈಲಿನಲ್ಲಿ ಇಪ್ಪತ್ತು ಮಾತುಗಳ ಪಟ್ಟಿ ಇತ್ತು. ಮೊದಲ ವಾರ ನಾನೇ ಬರೆದದ್ದು. ನೀರು, ಉಪ್ಪು, ಎಮ್ಮೆ, ಮಾತ್ರೆ, ನೋವು, ಮಗನ ಹೆಸರು, ಹೀಗೆ. ಒಂದೊಂದನ್ನೂ ಎರಡು ಸ್ವರಕ್ಕೆ ಕೂರಿಸಿ, ಕೈ ತಟ್ಟಿ, ಮೊದಲು ಹಾಡಾಗಿ, ಆಮೇಲೆ ಅರ್ಧ ಹಾಡಾಗಿ, ಕೊನೆಗೆ ಬರೀ ಮಾತಾಗಿ ಹೊರತರಬೇಕು. ಮೂರು ತಿಂಗಳಲ್ಲಿ ಹತ್ತೊಂಬತ್ತು ಬಂದವು. ಜಗದಾಂಬಮ್ಮ ಎಮ್ಮೆಗೆ ಬೈಯುವಷ್ಟು ಚೇತರಿಸಿಕೊಂಡರು. ಉಳಿದದ್ದು ಇಪ್ಪತ್ತನೆಯದು, ಗಂಡನ ಹೆಸರು.

ಹೊಲ, ಅಂಗಳ ಎಂದು ಹೊರಗೇ ಇರುತ್ತಿದ್ದ ಅವರ ಫೋಟೋ ತೋರಿಸಿ ನಾನು ಕೇಳುತ್ತಿದ್ದೆ, “ಇವರು ಯಾರಮ್ಮ?”

“ಚನ್ನೇಶನ ಅಪ್ಪ.”

“ಸರಿ. ಹೆಸರು?”

ಅವರು ನೆಲ ನೋಡುತ್ತಿದ್ದರು. “ಇವ್ರು… ನಮ್ಮ ಮನೆಯೋರು.”

ಹೆಸರು ಸಿಗದೆ ಸುತ್ತುಬಳಸಿ ಹೇಳುವುದು ಈ ಕಾಯಿಲೆಯ ಲಕ್ಷಣ ಎಂದು ನಮ್ಮ ಪಠ್ಯಪುಸ್ತಕದಲ್ಲೇ ಇದೆ. ನಾನು ಹಾಗೆಯೇ ಬರೆದೆ. “ಇನ್ನೂ ಎರಡು ವಾರ ಬೇಕು.” ಎರಡು ವಾರ ಕಳೆದ ಮೇಲೆ ಮತ್ತೆ ಎರಡು ವಾರ ಎಂದು ಬರೆದೆ. ಬರೆಯುವಾಗ ಪೆನ್ನು ತಡವರಿಸಲಿಲ್ಲ. ಪಕ್ಕದಲ್ಲಿ ಚನ್ನೇಶ್‌ನ ಮೊಬೈಲ್ ಚಾರ್ಜಿಗೆ ಇತ್ತು.

ನಾಲ್ಕನೆಯ ವಾರದ ಮಂಗಳವಾರ ಅವನು ದೂರದ ಅಳತೆಗೆ ಹೋಗಿದ್ದ. ನಾನು ಫೋಟೋ ಹಿಡಿದು ಮೂರನೆಯ ಸಲ ಕೇಳಿದೆ. ಜಗದಾಂಬಮ್ಮ ನನ್ನ ಕೈಯಿಂದ ತಮ್ಮ ಎಡಗೈ ಬಿಡಿಸಿಕೊಂಡರು.

“ನಂಗೆ ಆಗಲ್ಲ, ಬಿಡು ತಾಯಿ,” ಎಂದರು. ಕಣ್ಣಲ್ಲಿ ನೀರು ಬಂತು. “ಇಷ್ಟು ದಿನ ಆತು. ನನ್ ತಲೇನೇ ಕೆಟ್ಟೈತೇನೋ.”

ನಾನು ಸಮಾಧಾನ ಮಾಡಿ ಹೊರಬಂದೆ. ಅಂಗಳದಲ್ಲಿ ಅವರ ಗಂಡ ಮೆಕ್ಕೆಜೋಳ ಹರವುತ್ತಿದ್ದರು. ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನ ಸ್ಕೂಟರ್ ಹತ್ತಿರ ಬಂದರು. ಇಷ್ಟು ದಿನಗಳಲ್ಲಿ ನನ್ನೊಂದಿಗೆ ಹತ್ತು ಮಾತು ಆಡಿದವರಲ್ಲ.

“ತಾಯಿ, ತಪ್ಪು ತಿಳ್ಕಬ್ಯಾಡ್ರಿ. ನನ್ ಹೆಸ್ರು ಒಂದು ಬಿಟ್ಬಿಡ್ರಿ.”

“ಯಾಕೆ?”

“ಮದ್ವೆ ದಿನ ಹೆಂಗಸ್ರೆಲ್ಲ ಸೇರಿ ನನ್ ಹೆಸ್ರು ಇಟ್ಟು ಒಡಪಿನ ಪದ ಹೇಳ್ಸಿದ್ರು. ಅವತ್ತು ಒಂದ್ಸಲ ಹೇಳಿದ್ದು. ಆಮೇಲೆ ಮೂವತ್ತಾರು ವರ್ಷದಾಗೆ ಅವಳ ಬಾಯಾಗೆ ನನ್ ಹೆಸ್ರು ನಾನೇ ಕೇಳಿಲ್ಲ. ಗಂಡನ ಹೆಸ್ರು ಹೆಂಗ್ ಹೇಳ್ತಾಳೆ? ನಿಮಗೂ ಎದ್ರು ಆಡಾಕಾಗ್ದೆ ಒದ್ದಾಡ್ತಾಳೆ.”

ನನ್ನ ಮುಖ ಸುಟ್ಟ ಹಾಗಾಯಿತು. ಶಿರಾಳಕೊಪ್ಪ ದಾಟಿದ ಮೇಲೆ ಸ್ಕೂಟರ್ ಓಡಿಸಲಾಗದೆ ರಸ್ತೆ ಬದಿಗೆ ನಿಲ್ಲಿಸಿದೆ.

ನನ್ನ ಅಜ್ಜಿಯೂ ತಾತನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಭುಜ ತಿವಿಯುತ್ತಿದ್ದಳು, ನಾನು ಜೋರಾಗಿ ಹೇಳುತ್ತಿದ್ದೆ. ಆಗ ನನಗೆ ಏಳು ವರ್ಷ. ಏಳನೇ ವಯಸ್ಸಿನಲ್ಲಿ ಗೊತ್ತಿದ್ದದ್ದು ಇಪ್ಪತ್ತೊಂಬತ್ತಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದನ್ನು ಮೂಲೆಗೆ ಸರಿಸಿ, ಪುಸ್ತಕದ ಪದವೊಂದನ್ನು ಅಡ್ಡ ಹಿಡಿದು, ಒಬ್ಬನನ್ನು ನೋಡುವ ಆಸೆಗೆ ಅವನ ತಾಯಿಯನ್ನು ನಾಲ್ಕು ವಾರ ಪರೀಕ್ಷೆಗೆ ಕೂರಿಸಿದ್ದೆ. ಆ ತಾಯಿ ತಮ್ಮ ತಲೆಯೇ ಕೆಟ್ಟಿದೆ ಎಂದುಕೊಂಡಿದ್ದರು. ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಸೆಂಟರಿನ ಡಾಕ್ಟರಿಗೆ ಎಲ್ಲ ಹೇಳಿದೆ, ಕಾರಣ ಸಮೇತ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಹೇಳಿದ್ದು ಒಳ್ಳೇದಾಯ್ತು,” ಎಂದರು. “ತಪ್ಪು ನಿಮ್ಮದು ಅಂತ ಫೈಲಿನಲ್ಲೇ ಬರೀರಿ. ಆಮೇಲೆ ಆ ತಾಯಿಗೆ ನೀವೇ ಹೇಳಿ. ಮುಂದೆ ಅವರಿಗೆ ಏನಾದ್ರೂ ಬೇಕಾದ್ರೆ ನಾನು ನೋಡ್ಕೋತೀನಿ.”

ಮಧ್ಯಾಹ್ನ ಉಡುತಡಿಗೆ ಹೋದೆ. ಯುಕುಲೇಲಿ ಹೊರತೆಗೆಯಲಿಲ್ಲ. ಜಗದಾಂಬಮ್ಮನ ಮುಂದೆ ಕೂತೆ. ಅವರ ಗಂಡ ಕಂಬಕ್ಕೆ ಒರಗಿದ್ದರು. ಚನ್ನೇಶ್ ಪ್ಲಗ್ಗಿನ ಹತ್ತಿರ ಬರದೆ ಬಾಗಿಲಲ್ಲೇ ನಿಂತಿದ್ದ.

“ಅಮ್ಮ, ನಿಮ್ಮ ತಲೆ ಸರಿಯಾಗಿದೆ. ಕೆಟ್ಟಿದ್ದು ನನ್ನ ಬುದ್ಧಿ. ಕೇಳಬಾರದ್ದನ್ನ ಕೇಳಿದೆ. ನಿಮಗೆ ಮಾತು ಪೂರ್ತಿ ಬಂದು ನಾಲ್ಕು ವಾರ ಆಯ್ತು. ನನ್ನನ್ನ ಕ್ಷಮಿಸಿ.”

ಅವರು ನನ್ನನ್ನೇ ನೋಡಿದರು. ಹುಬ್ಬಿನ ನಡುವಿನ ಗಂಟು ಮೆಲ್ಲಗೆ ಬಿಚ್ಚಿಕೊಂಡಿತು.

“ಹಂಗಾದ್ರೆ ನಂಗೆ… ಎಲ್ಲಾ ಬಂದೈತಾ?”

“ಎಲ್ಲಾ ಬಂದಿದೆ.”

“ಅಯ್ಯೋ ಶಿವನೆ!” ಎಂದು ಉಸಿರು ಬಿಟ್ಟರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ಒಡಪು ಹೇಳು ಅಂದಿದ್ರೆ ಅವತ್ತೇ ಹೇಳ್ತಿದ್ದೆನಲ್ಲೇ ಹುಡುಗಿ!”

ಯಾರೂ ಕೇಳದಿದ್ದರೂ ಎಡಗೈಯನ್ನು ಮಂಡಿಯ ಮೇಲೆ ಇಟ್ಟರು. ನೆಲ ನೋಡುತ್ತಾ, ಹೊಸ ಮದುಮಗಳ ಹಾಗೆ ಒಂದು ಸಲ ಕೆಮ್ಮಿ, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಹೇಳಿದರು.

“ಹಿತ್ತಲಾಗೆ ಹೀರೇಬಳ್ಳಿ, ಹೂವು ನೂರಾರು,
ಹೆತ್ತೋರ್ಮನೆ ಮರೆಸಿದೋರು ಹುಚ್ಚರಾಯಪ್ನೋರು.”

ಹುಚ್ಚರಾಯಪ್ಪನವರು ಕಂಬ ಬಿಟ್ಟು, “ಜೋಳ ಹರವಬೇಕು,” ಎಂದು ಹೊರಗೆ ಹೊರಟರು. ಜೋಳವನ್ನೆಲ್ಲ ಬೆಳಿಗ್ಗೆಯೇ ಚೀಲಕ್ಕೆ ತುಂಬಿಯಾಗಿತ್ತು. ಅವರು ಬರಿಯ ಅಂಗಳದಲ್ಲಿ ನಮಗೆ ಬೆನ್ನು ಹಾಕಿ ನಿಂತರು. ನಾನು ಫೈಲಿಗೆ ಸಹಿ ಮಾಡಿ ಮುಚ್ಚಿದೆ. ಎದೆಯ ಮೇಲಿಂದ ಯಾರೋ ಕೈ ತೆಗೆದಂತೆ ಹಗುರಾಯಿತು.

ಚನ್ನೇಶ್ ಸ್ಕೂಟರ್‌ವರೆಗೆ ಬಂದ.

“ನಾಳೆಯಿಂದ ಬರಲ್ವಾ ಮೇಡಂ?”

“ಇಲ್ಲ. ಇನ್ನು ನಾನು ಈ ಮನೆಗೆ ಮೇಡಂ ಅಲ್ಲ. ಬರೀ ಗಂಗಾಶ್ರೀ. ಅದಕ್ಕೇ ಈಗ ಒಂದು ಮಾತು ಹೇಳಬಹುದು.” ದಿನವಿಡೀ ಬೇರೆಯವರ ಮಾತು ಹೊರಡಿಸುವವಳಿಗೆ ತನ್ನದೇ ಮಾತು ಸುಲಭಕ್ಕೆ ಹೊರಡಲಿಲ್ಲ. “ನಾಲ್ಕು ವಾರ ನಾನು ಅಮ್ಮನಿಗೋಸ್ಕರ ಬಂದಿಲ್ಲ. ನಿಮ್ಮನ್ನ ನೋಡೋಕೆ ಬಂದೆ. ಗೊತ್ತಿಲ್ದೆ ಆಯ್ತು ಅಂತ ಹೇಳೋ ಆಸೆ ಇದೆ. ಆದ್ರೆ ಒಳಗೆಲ್ಲೋ ಗೊತ್ತಿತ್ತು. ನೀವು ಬೈದ್ರೆ ಬೈಸ್ಕೋತೀನಿ.”

ಅವನು ಬೈಯಲಿಲ್ಲ. ಸ್ಕೂಟರಿನ ಕನ್ನಡಿಯ ಧೂಳನ್ನು ಹೆಬ್ಬೆರಳಿಂದ ಒರೆಸಿದ. ಕಿವಿಯ ತುದಿಯಿಂದ ಶುರುವಾದ ಕೆಂಪು ಕುತ್ತಿಗೆವರೆಗೆ ಇಳಿಯಿತು.

“ನಂಗೆ ಮೊದ್ಲಿಂದಾನೂ ಗೊತ್ತಿತ್ತು,” ಎಂದ.

“ಏನು?”

“ಅವ್ವ ಅಪ್ಪನ ಹೆಸ್ರು ಹೇಳಲ್ಲ ಅಂತ. ಮನೆಮಗಂಗೆ ಗೊತ್ತಿರಲ್ವೇನ್ರಿ? ಹೇಳಿದ್ರೆ ನೀವು ಫೈಲ್ ಮುಚ್ಚಿ ಹೊಂಟೋಗ್ತಿದ್ರಿ. ಅದಕ್ಕೆ ಬಾಯಿ ಮುಚ್ಕಂಡಿದ್ದೆ.”

ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು.

“ನಿನ್ನೆ ಅವರು ಅತ್ರು, ಗೊತ್ತಾ ನಿಮಗೆ?”

“ಅಪ್ಪ ಹೇಳಿದ್ರು. ಊಟ ಸೇರ್ಲಿಲ್ಲ. ನೀವು ಒಬ್ರೇ ಒಳಗೆ ಕೂತು ತಪ್ಪು ಒಪ್ಕಂತಿದ್ರಲ್ಲ, ನಾನು ಬಾಗ್ಲಾಗೆ ನಿಂತು ಕೇಳ್ತಾ ಇದ್ದೆ. ನನ್ನಷ್ಟು ಹೇಡಿ ಯಾರೂ ಇಲ್ಲ ಅನ್ನಿಸ್ತು.”

ಹಾಗೆಂದವನು ನನ್ನ ಉತ್ತರಕ್ಕೂ ಕಾಯದೆ ಬಾಗಿಲ ಕಡೆ ತಿರುಗಿ ಕೂಗಿದ.

“ಅವ್ವಾ! ನೀನು ಅಪ್ಪನ ಹೆಸ್ರು ಹೇಳಲ್ಲ ಅಂತ ನಂಗೆ ಗೊತ್ತಿತ್ತು. ಇವ್ರು ಬರೋದು ನಿಂತೋಗ್ತೈತೆ ಅಂತ ಹೇಳ್ಲಿಲ್ಲ. ತಪ್ಪಾತು!”

ಅಂಗಳದಲ್ಲಿ ಹುಚ್ಚರಾಯಪ್ಪನವರು ಬೆಚ್ಚಿ ತಿರುಗಿದರು. ನಾನು ಸ್ಕೂಟರಿನ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡೆ. ಒಳಗಿನಿಂದ ರಾಗವಿಲ್ಲದ, ತಾಳವಿಲ್ಲದ, ಯಾರೂ ಹೇಳಿಕೊಡದ ಮಾತು ಬಂತು.

“ಗೊತ್ತೈತೆ ಬಿಡೋ! ನಂದು ಮಾತು ಹೋಗಿತ್ತು, ಕಣ್ಣು ಹೋಗಿರ್ಲಿಲ್ಲ. ಇಬ್ರಿಗೂ ಆಮೇಲೆ ಬೈತೀನಿ. ಆ ಹುಡುಗೀನ ಬಿಸ್ಲಾಗೆ ನಿಲ್ಲಿಸ್ಬ್ಯಾಡ, ಒಳಗೆ ಕರ್ಕಂಡ್ ಬಾ!”

ನಾನು ಅಳುತ್ತಲೂ ನಗುತ್ತಲೂ ಇದ್ದೆ. ಯಾವುದನ್ನೂ ಮರೆಮಾಡಬೇಕು ಅನ್ನಿಸಲಿಲ್ಲ.

“ಬರ್ತೀರಾ?” ಎಂದ ಅವನು. ಈ ಸಲ ಕ್ಯಾಲೆಂಡರ್ ಕಡೆ, ಗೋಡೆಯ ಕಡೆ, ಎಲ್ಲಿಗೂ ಕಣ್ಣು ತಪ್ಪಿಸಲಿಲ್ಲ.

“ನಡಿ, ಚನ್ನೇಶ್,” ಎಂದೆ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಫೈಲನ್ನೂ ಯುಕುಲೇಲಿಯನ್ನೂ ಸ್ಕೂಟರಿನ ಮೇಲೆಯೇ ಬಿಟ್ಟು, ನಾನು ಬರಿಗೈಯಲ್ಲಿ ಆ ಮನೆಯೊಳಗೆ ಹೋದೆ.