ದುರುಗವ್ವನ ಮುಖವಿಲ್ಲದ ಪಟ

ಬಹಳ ಹಿಂದೆ, ಆಮೆ ಮಾತಾಡಿದರೆ ಯಾರೂ ಬೆಚ್ಚಿಬೀಳದಿದ್ದ ಕಾಲದಲ್ಲಿ, ಬೆಳಗುಂದ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ಕಟ್ಟಳೆ. ಮದುವೆಗೆ ಮುಂಚೆ ಹೆಣ್ಣಿನ ಪಟ ಗಂಡಿನ ಮನೆಗೆ ಹೋಗಬೇಕು. ಗಂಡಿನ ಪಟವೂ ಹೆಣ್ಣಿನ ಮನೆಗೆ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಪಟ ತೆಗೆಯುವವನು ನಗೆಸಿದ್ಧನೆಂಬ ಮಾಂತ್ರಿಕ. ಅವನ ಕತ್ತಲೆಪೆಟ್ಟಿಗೆಯ ಮುಂದೆ ನಿಂತರೆ ಹೊಳೆಯುವ ತಗಡಿನ ಮೇಲೆ ಮುಖ ಮೂಡುತ್ತಿತ್ತು, ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಗಿ. ಕತ್ತು ಇಷ್ಟು ವಾರೆ, ಕೈಯಲ್ಲೊಂದು ಹೂವು, ತುಟಿಯಲ್ಲಿ ಇಷ್ಟೇ ನಗು. ಕಪ್ಪಗಿದ್ದವರೂ ಬೆಳ್ಳಗೆ ಬರುತ್ತಿದ್ದರು. ತಗಡು ಒಣಗುವಷ್ಟರಲ್ಲಿ ಹುಡುಗಿಯೂ ಪಟದ ಹಾಗೇ ಆಗಿಬಿಡುತ್ತಿದ್ದಳು: ಬೆಳ್ಳಗೆ, ನಗುನಗುತ್ತ, ಮಾತಿಲ್ಲದೆ. ಊರವರು ಅದನ್ನು ಮದುವೆಯ ಕಳೆ ಅನ್ನುತ್ತಿದ್ದರು.

ಕುಂಬಾರಗೇರಿಯ ದುರುಗವ್ವನಿಗೂ ಆ ಕಳೆ ಬಂತು. ಅದಕ್ಕೆ ಮುಂಚೆ ಅವಳು ಇದ್ದಲಿನಂಥ ಕಪ್ಪು. ಗಂಟಲು ತೆಗೆದರೆ ಮೂರು ಬೀದಿಗೆ ಕೇಳಿಸಬೇಕು. ಸಿಟ್ಟು ಮೂಗಿನ ತುದಿಯಲ್ಲಿ. "ಒಂದೇ ಒಂದು ಪಟ ತೆಗೆಸ್ಕೊಂಡು ಬಾರೇ" ಅಂತ ಅವ್ವ ಗೋಗರೆದಳು. ಜೊತೆಗೆ ಹೋದವಳು ತಂಗಿ ಹೊನ್ನಾಜಿ. ಪೆಟ್ಟಿಗೆಯ ಮುಂದೆ ಅಕ್ಕನ ಸೆರಗು ಸರಿಮಾಡಿದ್ದೂ ಅವಳೇ, "ಸ್ವಲ್ಪ ನಗೇ" ಅಂದಿದ್ದೂ ಅವಳೇ.

ಮನೆಗೆ ಬಂದ ಅಕ್ಕ ತಾನು ಗಡಿಗೆ ಮಾಡುವ ತಿಗರಿಯ ಹತ್ತಿರ ಸುಳಿಯಲಿಲ್ಲ. ಗೋಡೆಗೊರಗಿ ಕೂತಳು.

"ಅಕ್ಕಾ, ಸಾರು ಹೆಂಗಿದೆ?"

"ಚೆನ್ನಾಗಿದೆ."

"ಅಕ್ಕಾ, ಬೆಕ್ಕು ನಿನ್ನ ಆರು ಗಡಿಗೆ ಒಡೆದು ಹಾಕ್ತು."

"ಚೆನ್ನಾಗಿದೆ."

ಅವ್ವನಿಗೆ ಖುಷಿಯೋ ಖುಷಿ. ಹೊನ್ನಾಜಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಅರ್ಧ ತನ್ನ ಮೇಲೆಯೇ.

ದುಡುದುಡು ನಡೆದು ನಗೆಸಿದ್ಧನ ಹಜಾರಕ್ಕೆ ನುಗ್ಗಿದಳು. ಗೋಡೆ ತುಂಬ ಮದುವಣಗಿತ್ತಿಯರ ಪಟ; ಗಂಡಿನ ಮನೆಗೊಂದು ಕಳಿಸಿ ತನಗೊಂದು ಇಟ್ಟುಕೊಂಡಿದ್ದ. ನೂರು ಹುಡುಗಿಯರು, ಒಂದೇ ನಗು.

"ನಮ್ಮಕ್ಕನ್ನ ವಾಪಸ್ ಕೊಡು."

"ಮನೇಲೇ ಇದ್ದಾಳಲ್ಲಮ್ಮ, ಮೊದಲಿಗಿಂತ ಲಕ್ಷಣವಾಗಿ!"

"ಅದು ನಮ್ಮಕ್ಕ ಅಲ್ಲ."

ನಗೆಸಿದ್ಧ ನಕ್ಕ. ಅವನಿಗೆ ಬೇರೇನೂ ಬರುತ್ತಿರಲಿಲ್ಲ. "ಸರಿ ಹಾಗಾದ್ರೆ. ಅವಳ ಮುಖ ಈಗ ನನ್ನದು. ಅದನ್ನ ಬಿಟ್ಟು ಅವಳನ್ನ ತಗಡಿನ ಮೇಲೆ ಹಿಡಿದು ತೋರಿಸು. ನೋಡಿ ಅವಳೇ 'ಇದು ನಾನು' ಅಂದರೆ ಎಲ್ಲರನ್ನೂ ಬಿಟ್ಟುಕೊಡ್ತೀನಿ. ಅಷ್ಟರೊಳಗೆ ಕೊರಳಿಗೆ ತಾಳಿ ಬಿತ್ತೋ, ಮುಗೀತು. ಮುಖವಿಲ್ಲದ ಪಟ! ತೆಗಿ, ನಾನೂ ನೋಡ್ತೀನಿ."

ತಾಳಿಗೆ ಇನ್ನು ಮೂರು ದಿನವಿತ್ತು.

ಅವನ ಪೆಟ್ಟಿಗೆಯಲ್ಲಿ ಇದ್ದದ್ದು ಕತ್ತಲೆ, ಒಂದು ತೂತು. ಅಷ್ಟಾದರೆ ಕುಂಬಾರರ ಮನೆಯಲ್ಲೂ ಸಿಗುತ್ತದೆ. ಹೊನ್ನಾಜಿ ಅಕ್ಕನ ಕೈಯ ದೊಡ್ಡ ಗಡಿಗೆಯೊಂದಕ್ಕೆ ಸೂಜಿಮೊನೆಯಷ್ಟು ತೂತು ಕೊರೆದು, ಬಾಯಿಗೆ ತೊಗಲು ಬಿಗಿದಳು. ಬೆಳಕು ಕುಡಿಯುವ ತಗಡು ಮಾತ್ರ ಕೆರೆಯ ಆಮೆಯ ಬೆನ್ನಮೇಲಷ್ಟೇ ಬೆಳೆಯುತ್ತಿತ್ತು.

"ಆಮೆಯಪ್ಪಾ, ದೊಡ್ಡ ಮನಸ್ಸು ಮಾಡಿ ತಗಡು ಕೊಡಪ್ಪಾ."

"ಇಲ್ಲ."

"ಕೈ ಮುಗೀತೀನಿ."

"ಇಲ್ಲ."

"ಅಲ್ಲಿ ನಮ್ಮಕ್ಕ ಬೊಂಬೆ ಥರ ಕೂತಿದ್ದಾಳೆ, ಇಲ್ಲಿ ನಿನ್ನದೇನು ಬಿಂಕ? ಕೊಡ್ತೀಯೋ, ಹಿಡಿದು ಮಗುಚಿ ಹಾಕಲೋ?"

"ಹಾಂ, ಹಂಗೆ ಕೇಳು," ಅಂತ ಆಮೆ ದಡಕ್ಕೆ ಬಂತು. "ಆ ನಗೆಸಿದ್ಧ ನಗುನಗುತ್ತಲೇ ಕೇಳಿ ಬೆನ್ನೆಲ್ಲ ಬೋಳಿಸಿಬಿಟ್ಟ. ನಗೋರನ್ನ ಕಂಡರೆ ನನಗೀಗ ಆಗಲ್ಲ. ಮೂರೇ ಉಳಿದಿವೆ, ತಗೋ."

ಮೊದಲ ದಿನ ಹೊನ್ನಾಜಿ ಗಡಿಗೆಯೊಳಗೆ ತಗಡಿಟ್ಟು, ಅಕ್ಕನ ತಿಗರಿಯನ್ನು ಗಿರ್ರನೆ ತಿರುಗಿಸಿ ತೂತಿನ ಮುಚ್ಚಳ ತೆಗೆದಳು. ತಗಡಿನಲ್ಲಿ ಮಂಜಿನ ಬಳೆಯಂಥದ್ದು ಮೂಡಿತು. ತಿಗರಿಯಿಲ್ಲ, ತಿರುಗಿದ್ದಷ್ಟೇ ಇತ್ತು. ಅಕ್ಕ ನೋಡಿದಳು. "ಚೆನ್ನಾಗಿದೆ."

ಎರಡನೆಯ ದಿನ ಇನ್ನೊಂದು ಗಡಿಗೆಯ ಕೊರಳಿನ ಮೇಲೆ ಅಕ್ಕ ಒತ್ತಿದ್ದ ಹೆಬ್ಬೆರಳ ಗುರುತನ್ನು ಹಿಡಿದಳು, ಬೆಟ್ಟದ ಕಣಿವೆಯೇನೋ ಅನ್ನುವಷ್ಟು ಹತ್ತಿರದಿಂದ. ಅಕ್ಕ ನೋಡಿದಳು. "ಚೆನ್ನಾಗಿದೆ."

ಹೊನ್ನಾಜಿ ಹಲ್ಲು ಕಚ್ಚಿದಳು. ಚೆನ್ನಾಗಿದ್ದದ್ದೇ ತಪ್ಪಾಗಿತ್ತು. ಎರಡು ತಗಡನ್ನೂ ಚೆಂದಕ್ಕೆಂದು ಹಾಳುಮಾಡಿದ್ದಳು. ಅಕ್ಕ ಯಾವತ್ತು ಚೆಂದಕ್ಕೆಂದು ಬದುಕಿದ್ದಳು?

ಮೂರನೆಯ ದಿನ ಬೆಳಿಗ್ಗೆ ಚಪ್ಪರದಲ್ಲಿ ಬೀಗರು ಕೂತಿದ್ದರು. ಅವ್ವ ಸುಣ್ಣದ ಮಡಕೆ ಹಿಡಿದು ಹಿತ್ತಲ ಗೋಡೆಯ ಹತ್ತಿರ ನಿಂತಿದ್ದಳು. ಗೋಡೆಯ ಮೇಲೊಂದು ಹಳೆಯ ಕಲೆ. ಹೋದ ವರ್ಷ ಹೆಣ್ಣು ನೋಡಲು ಬಂದವನೊಬ್ಬ "ಕೆಲಸ ಪರವಾಗಿಲ್ಲ, ಬಣ್ಣ ಮಾತ್ರ ನೋಡೋಕಾಗಲ್ಲ" ಅಂದಿದ್ದ. ದುರುಗವ್ವ ಕೈಯಲ್ಲಿದ್ದ ಹಸಿಮಣ್ಣನ್ನು ಬೀಸಿದ್ದಳು. ಅದು ಅವನ ಕಿವಿಯ ಪಕ್ಕ ಹಾದು ಗೋಡೆಗೆ ಬಡಿದಿತ್ತು. ಅವನು ಚಪ್ಪಲಿ ಬಿಟ್ಟು ಓಡಿದ್ದ.

"ಸುಣ್ಣ ಕೆಳಗಿಡವ್ವ!"

"ಬೀಗರು ಬಂದವ್ರೆ ಕಣೇ, ಈ ಹೊಲಸು ನೋಡಿದರೆ..."

"ಕೆಳಗಿಡು ಅಂದೆ!" ಹೊನ್ನಾಜಿಯ ಗಂಟಲು ಅವತ್ತು ಮೂರು ಬೀದಿಗೆ ಕೇಳಿಸಿತು.

ಗೋಡೆಯೆಂದು ಗೊತ್ತಾಗದಷ್ಟು ಹತ್ತಿರ ಗಡಿಗೆ ಇಟ್ಟಳು. ಓರೆಬಿಸಿಲಿತ್ತು. ತಗಡಿನಲ್ಲಿ ಮೂಡಿದ್ದು ನಡುವೆ ಒಂದು ಕಪ್ಪು ಗುದ್ದು, ಸುತ್ತ ಸಿಡಿದ ಹನಿಗಳು, ಕೆಳಗೆ ಹಟದಿಂದ ಇಳಿದ ಒಂದೇ ಒಂದು ಗೆರೆ. ಮನೆಯಿಲ್ಲ, ಮನುಷ್ಯರಿಲ್ಲ.

ಹಸೆಮಣೆಯ ಮೇಲೆ ಕೂತಿದ್ದ ಅಕ್ಕನ ಮುಂದೆ ತಗಡು ಹಿಡಿದಳು. ಮುಂದಿನ ಸಾಲಿನಿಂದ ನಗೆಸಿದ್ಧ ಇಣುಕಿದ. "ಇದೇನಮ್ಮ, ಸಗಣಿ ತಟ್ಟಿದ್ದಾ?" ಚಪ್ಪರವೆಲ್ಲ ನಕ್ಕಿತು.

ದುರುಗವ್ವ ನೋಡಿದಳು. "ಚೆನ್..." ಅಂದು ನಿಂತಳು. ಮೂಗಿನ ಹೊಳ್ಳೆ ಅರಳಿತು. ತುಟಿಯ ಮೇಲಿನ ನಗು ಒಣಮಣ್ಣಿನಂತೆ ಬಿರಿದು ಉದುರಿತು.

"ಒಂದು ಗೇಣು ತಪ್ಪಿತು," ಅಂದಳು. "ಇಲ್ಲದಿದ್ರೆ ಅವನ ಕಿವಿಗೇ ಬೀಳ್ತಿತ್ತು. ಯಾವನೋ ಅವನು ಇದನ್ನ ಸಗಣಿ ಅಂದೋನು? ಇದು ನಾನು ಕಣೋ, ನಾನು!"

ಕಪ್ಪು ಬಣ್ಣ ಅವಳ ಮೈಗೆ ಮರಳಿತು. ಹಜಾರದ ಪಟಗಳಿಂದ ನೂರು ಮುಖಗಳು ಹೊರಬಿದ್ದು ತಂತಮ್ಮ ಒಡತಿಯರನ್ನು ಸೇರಿದವು. ಅವತ್ತು ಮಧ್ಯಾಹ್ನ ರಾಜ್ಯದ ನೂರು ಅಡುಗೆಮನೆಗಳಲ್ಲಿ ಪಾತ್ರೆ ಕುಕ್ಕಿದ ಸದ್ದು ಅರಮನೆಗೂ ಕೇಳಿಸಿತಂತೆ. ನಗೆಸಿದ್ಧನ ನಗು ಆ ನೂರು ಮುಖಗಳಿಂದ ಕದ್ದದ್ದು. ಅದು ಹೋದಮೇಲೆ ಅವನಲ್ಲಿ ಏನೂ ಉಳಿಯಲಿಲ್ಲ. ಕೂತಲ್ಲಿ ಬರೀ ಒಂದು ನುಣುಪಾದ ತಗಡು ಬಿದ್ದಿತ್ತು. ಆಮೆ ಬಂದು ಅದನ್ನು ಬೆನ್ನಿಗೆ ಹಾಕಿಕೊಂಡು ಹೋಯಿತು.

"ನನಗೆ ಪಟದಲ್ಲಿದ್ದೋಳೇ ಬೇಕು," ಅಂತ ಮದುಮಗ ರಚ್ಚೆ ಹಿಡಿದ.

"ಅಷ್ಟೇ ತಾನೆ? ತಗೊಂಡು ಹೋಗಪ್ಪ," ಅಂತ ದುರುಗವ್ವ ಬೀಗರು ಜೊತೆಗೆ ತಂದಿದ್ದ ಪಟವನ್ನೇ ಅವನ ಕೈಗಿಟ್ಟಳು. ಅದರಲ್ಲಿ ಈಗ ಮುಖವಿರಲಿಲ್ಲ. ಒಂದು ಹೂವು, ಒಂದು ಸೆರಗು ಇತ್ತು. ಅವನು ಕೊನೆಯವರೆಗೂ ಅದರ ಜೊತೆ ಸುಖವಾಗಿದ್ದ. ಬೆಳಗುಂದದವರೂ ಬಾಯಿತುಂಬ ಜಗಳವಾಡಿಕೊಂಡು ಸುಖವಾಗಿದ್ದರು. ಕುಂಬಾರಗೇರಿಯ ಆ ಗೋಡೆಗೆ ಮಾತ್ರ ಯಾರೂ ಸುಣ್ಣ ಬಳಿಯಲಿಲ್ಲ.